ಕೋರ್ಟು ಬಿಟ್ರೂ ಜೈಲರ್ ಬಿಡಲ್ಲ

ನಿಮ್ಮ ಮೇಲೊಂದು ಕಳ್ಳತನದ ಕೇಸು ಬಿತ್ತು, ತಿಂಗಳುಗಟ್ಟಲೆ ಜೈಲಲ್ಲಿ ಕೊಳೆತ್ರಿ, ಕೊನೆಗೂ ವಿಚಾರಣೆ ಆಯ್ತು, ಜೂರಿಯವ್ರು ಈ ಮನುಷ್ಯಂದೇನೂ ತಪ್ಪಿಲ್ಲ ಅಂದ್ರು. ಸರಿ, ಇನ್ನು ಮನೆಗೆ ಹೊರಡೋದೇ ಅಂದ್ಕೊಂಡ್ರೆ, 18ನೇ ಶತಮಾನದ ಇಂಗ್ಲೆಂಡಲ್ಲಿ ಅದು ಅಷ್ಟು ಸುಲಭ ಇರ್ಲಿಲ್ಲ. ಕೋರ್ಟಿಂದ ನೇರ ವಾಪಸ್ ಅದೇ ಜೈಲಿಗೆ ಕರ್ಕೊಂಡು ಹೋಗಿ ಬೀಗ ಜಡಿಯೋರು, ಯಾಕಂದ್ರೆ ಇಷ್ಟು ದಿನ ಒಳಗಿಟ್ಕೊಂಡು "ನೋಡ್ಕೊಂಡಿದ್ದಕ್ಕೆ" ಜೈಲರ್‌ಗೆ ಕೊಡ್ಬೇಕಾದ ಫೀಸು ಬಾಕಿ ಇದೆ. ಕೊಟ್ರೆ ಬಿಡುಗಡೆ, ಇಲ್ದಿದ್ರೆ ಕೊಡೋವರೆಗೂ ಒಳಗೇ. ತಪ್ಪು ಮಾಡಿಲ್ಲ ಅಂತ ಸಾಬೀತಾದವನೂ ಒಳಗೇ, ಕೇಸು ಹಾಕಿದವನು ಕೋರ್ಟಿಗೆ ಬರದೇ ಕೇಸೇ ಬಿದ್ದುಹೋದವನೂ ಒಳಗೇ.

ನಾನು ಹುಡುಕ್ತಾ ಇದ್ದಿದ್ದು ಹಳೇ ಕಾಲದ ಜ್ವರಗಳ ಬಗ್ಗೆ, ಅದು ಹೇಗೋ ಜೈಲ್ ಜ್ವರಕ್ಕೆ ಬಂತು, ಅಲ್ಲಿಂದ ಜೈಲರ್‌ಗಳ ಫೀಸಿನ ಪಟ್ಟಿಗೆ ಬಂತು, ಆಮೇಲೆ ಬಿಡೋಕೇ ಆಗ್ಲಿಲ್ಲ. ಬ್ರಿಟನ್ನಿನ ಜೈಲು ಸುಧಾರಣೆ ಅಂದ್ರೆ ನಾವು ಓದಿರೋದು ದಯಾಳು ಜನ, ಬೈಬಲ್ಲು, ಪ್ರಾರ್ಥನೆ ಇಂಥದ್ದು. ಆದ್ರೆ ನನಗೆ ಕಂಡಿದ್ದು ಬೇರೆ. ಇದು ಶುರುವಾಗಿದ್ದು ಒಂದು ಲೆಕ್ಕದ ಪ್ರಶ್ನೆಯಿಂದ: ಜೈಲು ನಡೆಸೋಕೆ ದುಡ್ಡು ಯಾರು ಕೊಡ್ಬೇಕು?

ಆಗಿನ ಪದ್ಧತಿ ಏನಂದ್ರೆ ಬಹುಪಾಲು ಕಡೆ ಜೈಲರ್‌ಗೆ ಸಂಬಳವೇ ಇರ್ಲಿಲ್ಲ. ಅದೊಂದು ಹುದ್ದೆ ಅನ್ನೋದಕ್ಕಿಂತ ವ್ಯಾಪಾರ. ಕೆಲವು ಜೈಲುಗಳು ಸರ್ಕಾರದ್ದೂ ಅಲ್ಲ, ಖಾಸಗಿ ಆಸ್ತಿ. ಈಲಿ ಊರಿನ ಜೈಲು ಅಲ್ಲಿನ ಬಿಷಪ್‌ಗೆ ಸೇರಿದ್ದು, ಚೆಸ್ಟರ್‌ಫೀಲ್ಡಿಂದು ಪೋರ್ಟ್‌ಲೆಂಡಿನ ಡ್ಯೂಕ್‌ಗೆ ಸೇರಿದ್ದು. ಲಂಡನ್ನಿನ ಫ್ಲೀಟ್ ಜೈಲಿನ ವಾರ್ಡನ್ ಪದವಿಯನ್ನ 1728ರಲ್ಲಿ ಥಾಮಸ್ ಬ್ಯಾಂಬ್ರಿಜ್ ಅನ್ನೋನು ಇನ್ನೊಬ್ಬ ಪಾಲುದಾರನ ಜೊತೆ ಸೇರಿ 5000 ಪೌಂಡಿಗೆ ಕೊಂಡ್ಕೊಂಡ. ಅಷ್ಟು ದೊಡ್ಡ ಬಂಡವಾಳ ಸುರಿದವನು ಅದನ್ನ ಯಾರ ಹತ್ರ ವಸೂಲಿ ಮಾಡ್ಬೇಕು? ಒಳಗಿರೋರ ಹತ್ರಾನೇ.

ಹಾಗಾಗಿ ಎಲ್ಲದಕ್ಕೂ ಒಂದು ರೇಟು. ಒಳಗೆ ಬರೋಕೆ ಫೀಸು, ಹೊರಗೆ ಹೋಗೋಕೆ ಫೀಸು. ಮಂಚ ಹಾಸಿಗೆ ಬೇಕಾ, ಬಾಡಿಗೆ ಕೊಡು. ಕಾಲಿಗೆ ಹಾಕಿರೋ ಬೇಡಿ ಭಾರ ಆಯ್ತಾ, ದುಡ್ಡು ಕೊಡು, ಹಗುರದ್ದು ಹಾಕ್ತೀವಿ. ಬಿಯರ್ ಮಾರೋದು ಜೈಲರ್‌ನ ಇನ್ನೊಂದು ಆದಾಯ, ಅಂದ್ರೆ ಕೈದಿಗಳು ಕುಡಿದಷ್ಟೂ ಅವನಿಗೆ ಲಾಭ, ಅದಕ್ಕೆ ಜೈಲೊಳಗೇ ಹೆಂಡದಂಗಡಿ. ಹೊಸಬ ಒಳಗೆ ಬಂದ ತಕ್ಷಣ ಹಳೇ ಕೈದಿಗಳು ಸುತ್ತುವರಿದು ದುಡ್ಡು ಕೇಳೋರು, ಇಲ್ಲ ಅಂದ್ರೆ ಮೈ ಮೇಲಿನ ಬಟ್ಟೆ ಬಿಚ್ಚಿ ಕೊಡು ಅನ್ನೋರು. ಇದಕ್ಕೆಲ್ಲ ಕಳಶ ಇಟ್ಟಂಗೆ ಕಿಟಕಿ ತೆರಿಗೆ ಅಂತ ಒಂದಿತ್ತು, ಕಟ್ಟಡಕ್ಕೆ ಎಷ್ಟು ಕಿಟಕಿ ಇದ್ಯೋ ಅದರ ಮೇಲೆ ಟ್ಯಾಕ್ಸು, ಜೈಲಿನ ಕಿಟಕಿಗಳಿಗೂ ಜೈಲರೇ ಕಟ್ಬೇಕು. ಆತ ಏನು ಮಾಡ್ತಾನೆ? ಕಿಟಕಿ ಮುಚ್ಚಿಬಿಡ್ತಾನೆ. ಒಳಗಿದ್ದೋರಿಗೆ ಗಾಳಿ ಬೆಳಕು ಎರಡೂ ಬಂದ್. ಇದರಲ್ಲಿ ಯಾರೂ ರಾಕ್ಷಸರಾಗೋ ಅವಶ್ಯಕತೆಯೇ ಇರ್ಲಿಲ್ಲ ನೋಡಿ, ಖರ್ಚು ಕಮ್ಮಿ ಮಾಡ್ಕೊಳ್ಳೋ ಮಾಮೂಲಿ ಬುದ್ಧಿ ಸಾಕಿತ್ತು.

ಒಳಗಿದ್ದೋರು ಯಾರು ಅನ್ನೋದು ಇನ್ನೂ ವಿಚಿತ್ರ. 1776ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಜೈಲುಗಳಲ್ಲಿದ್ದವರನ್ನ ಒಬ್ಬ ಮನುಷ್ಯ ಲೆಕ್ಕ ಹಾಕಿದ (ಅವನ ಕಥೆಗೆ ಆಮೇಲೆ ಬರ್ತೀನಿ), ಒಟ್ಟು 4084 ಜನ. ಅದರಲ್ಲಿ 2437 ಜನ ಸಾಲಗಾರರು! ಅಂದ್ರೆ ಅರ್ಧಕ್ಕಿಂತ ಜಾಸ್ತಿ ಜನ ಕದ್ದವರಲ್ಲ ಕೊಂದವರಲ್ಲ, ಸಾಲ ತೀರಿಸೋಕಾಗದವರು. ಆಗ ದೊಡ್ಡ ಅಪರಾಧಗಳಿಗೆ ಜೈಲು ಅನ್ನೋದು ಶಿಕ್ಷೆ ಆಗಿರ್ಲಿಲ್ಲ, ಅದು ಕಾಯೋ ಜಾಗ. ವಿಚಾರಣೆ ಆಗೋವರೆಗೂ ಇರು, ಆಮೇಲೆ ನೇಣೋ, ಚಾಟಿಯೋ, ಅಮೆರಿಕಕ್ಕೆ ಗಡೀಪಾರೋ ಏನೋ ಒಂದು. ಸಾಲಗಾರನಿಗೆ ಮಾತ್ರ ಅವಧಿಯೇ ಇಲ್ಲ. ತೀರಿಸೋವರೆಗೂ ಇರು ಅಂತ. ಒಳಗಿದ್ರೆ ದುಡಿಯೋಕಾಗಲ್ಲ, ದುಡಿಯದೆ ತೀರಲ್ಲ, ಅದರ ಮೇಲೆ ದಿನಾ ಜೈಲಿನ ಬಾಡಿಗೆ ಬೇರೆ ಏರ್ತಾ ಹೋಗುತ್ತೆ. ಹಳೇ ಸಾಲ ತೀರಿಸಿದವನು ಜೈಲಿನ ಸಾಲಕ್ಕೇ ಒಳಗೆ ಉಳ್ಕೊಳ್ಳೋದು ನಡೀತಿತ್ತು.

ಊಟದ ವಿಷಯದಲ್ಲೂ ಸಾಲಗಾರನ ಪಾಡು ಎಷ್ಟೋ ಕಡೆ ಕಳ್ಳನಿಗಿಂತ ಕಡೆ. ಕಳ್ಳನಿಗಾದ್ರೂ ಕೌಂಟಿಯಿಂದ (ನಮ್ಮ ಜಿಲ್ಲೆ ಥರ) ಒಂದಿಷ್ಟು ಬ್ರೆಡ್ಡು ಬರೋದು, ಸಾಲಗಾರನಿಗೆ ಅದೂ ಇಲ್ಲ. ಸಾಲ ಕೊಟ್ಟವನೇ ದಿನಕ್ಕೆ 4 ಪೆನ್ಸ್ ಅವನ ಊಟಕ್ಕೆ ಕೊಡ್ಬೇಕು ಅಂತ ಕಾನೂನೇನೋ ಇತ್ತು, ಅದನ್ನ ಪಡೀಬೇಕು ಅಂದ್ರೆ ಮತ್ತೆ ಲಾಯರು ಕೋರ್ಟು ಅಂತ ಓಡಾಡ್ಬೇಕು, ಊಟಕ್ಕೇ ಗತಿ ಇಲ್ದವನು ಲಾಯರಿಗೆ ಎಲ್ಲಿಂದ ತರ್ತಾನೆ. ಫ್ಲೀಟ್ ಜೈಲಲ್ಲಿ ರಸ್ತೆ ಕಡೆಗೆ ಕಂಬಿ ಹಾಕಿದ ಒಂದು ಕಿಂಡಿ ಇತ್ತು, ಒಬ್ಬ ಕೈದಿ ಅಲ್ಲಿ ನಿಂತು ಹೋಗೋ ಬರೋರನ್ನ ಕೂಗಿ ಕೂಗಿ ಬಡ ಸಾಲಗಾರರನ್ನ ಮರೀಬೇಡಿ ಅಂತ ಭಿಕ್ಷೆ ಕೇಳೋನು.

ಇದೇ ಫ್ಲೀಟ್ ಜೈಲಿನಿಂದ ಮೊದಲನೇ ಗಲಾಟೆ ಎದ್ದಿದ್ದು. ರಾಬರ್ಟ್ ಕ್ಯಾಸಲ್ ಅಂತ ಒಬ್ಬ ವಾಸ್ತುಶಿಲ್ಪಿ ಸಾಲಕ್ಕೆ ಸಿಕ್ಕಿ ಬ್ಯಾಂಬ್ರಿಜ್‌ನ ಕೈಗೆ ಬಿದ್ದ. ಬ್ಯಾಂಬ್ರಿಜ್ ಕೇಳಿದಷ್ಟು ದುಡ್ಡು ಕೊಡೋಕಾಗ್ಲಿಲ್ಲ ಅಂತ ಅವನನ್ನ ಸಿಡುಬು ಹರಡಿದ್ದ ಒಂದು ಮನೆಗೆ ಹಾಕಿದ್ರು. ನನಗೆ ಸಿಡುಬು ಬಂದಿಲ್ಲ, ಬೇಡ, ಸತ್ತೋಗ್ತೀನಿ ಅಂತ ಬೇಡ್ಕೊಂಡ್ರೂ ಬಿಡ್ಲಿಲ್ಲ. ಸಿಡುಬು ಬಂತು, ಸತ್ತ. ಅವನ ಗೆಳೆಯ ಜೇಮ್ಸ್ ಓಗಲ್‌ಥೋರ್ಪ್ ಪಾರ್ಲಿಮೆಂಟ್ ಸದಸ್ಯ, ಸುಮ್ನಿರ್ಲಿಲ್ಲ. 1729ರಲ್ಲಿ ಜೈಲುಗಳ ಬಗ್ಗೆ ಒಂದು ಕಮಿಟಿ ಮಾಡಿಸಿ, ತಾನೇ ಅಧ್ಯಕ್ಷನಾಗಿ, ಫ್ಲೀಟು, ಮಾರ್ಷಲ್‌ಸೀ ಅನ್ನೋ ಇನ್ನೊಂದು ಜೈಲು, ಎಲ್ಲದರ ಒಳಗೂ ಹೋಗಿ ನೋಡಿ ಬಂದ. ಕಮಿಟಿಯ ಚಿತ್ರವನ್ನ ಹೋಗಾರ್ತ್ ಅನ್ನೋ ಕಲಾವಿದ ಬರೆದ, ಊರೆಲ್ಲ ಸುದ್ದಿ ಆಯ್ತು, ಬ್ಯಾಂಬ್ರಿಜ್ ಮೇಲೆ ಕೊಲೆ ಕೇಸೂ ಆಯ್ತು. ಕೊನೆಗೆ? ಖುಲಾಸೆ. ಫೀಸಿನ ಪದ್ಧತಿ ಇದ್ದಲ್ಲೇ ಇತ್ತು. ಓಗಲ್‌ಥೋರ್ಪ್ ಮುಂದೆ ಅಮೆರಿಕದಲ್ಲಿ ಜಾರ್ಜಿಯಾ ಅನ್ನೋ ವಸಾಹತು ಕಟ್ಟೋಕೆ ಹೊರಟ, ಜೈಲಿನ ವಿಷಯ ಇನ್ನೊಂದು 40 ವರ್ಷ ಯಾರಿಗೂ ಬೇಡವಾಯ್ತು.

ಈ ನಡುವೆ ದೊಡ್ಡೋರನ್ನ ಸ್ವಲ್ಪ ಹೆದರಿಸಿದ್ದು ಜ್ವರ ಒಂದೇ. ಜೈಲ್ ಜ್ವರ ಅಂದ್ರೆ ಈಗ ನಾವು ಟೈಫಸ್ ಅನ್ನೋದು, ಹೇನಿಂದ ಹರಡೋದು, ಆಗ ಅದು ಗೊತ್ತಿರ್ಲಿಲ್ಲ, ಕೆಟ್ಟ ವಾಸನೆಯಿಂದ ಬರುತ್ತೆ ಅಂತ ನಂಬಿದ್ರು. ಹೇನಿಗೆ ಜೈಲರ್ ಯಾರು ಜಡ್ಜ್ ಯಾರು ಅನ್ನೋ ಭೇದ ಇಲ್ವಲ್ಲ. 1577ರಲ್ಲಿ ಆಕ್ಸ್‌ಫರ್ಡಲ್ಲಿ ಕೋರ್ಟ್ ನಡೀತಿದ್ದಾಗ ಕೈದಿಗಳಿಂದ ಜ್ವರ ಹಬ್ಬಿ ಸುಮಾರು 300 ಜನ ಸತ್ರು. 1750ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ಕೋರ್ಟಲ್ಲಿ ಮತ್ತೆ ಅದೇ ಕಥೆ, ಪಕ್ಕದ ನ್ಯೂಗೇಟ್ ಜೈಲಿಂದ ತಂದ ಕೈದಿಗಳಿಂದ ಹಬ್ಬಿದ್ದು, ಈ ಸಲ ಲಂಡನ್ನಿನ ಮೇಯರ್, ಇಬ್ಬರು ಜಡ್ಜ್‌ಗಳು, ವಕೀಲರು, ಜೂರಿಯವ್ರು ಅಂತ 50ಕ್ಕೂ ಹೆಚ್ಚು ಜನ ಹೋದ್ರು. ಮೇಯರ್ ಸತ್ತ ಮೇಲೆ ಕೂಡ್ಲೇ ಚಟುವಟಿಕೆ ಶುರು ನೋಡಿ! ಕೋರ್ಟಲ್ಲಿ ಪರಿಮಳದ ಸೊಪ್ಪು ಹರಡಿದ್ರು, ಜಡ್ಜ್‌ಗಳ ಕೈಗೆ ಹೂವಿನ ಗುಚ್ಛ ಕೊಟ್ರು, ನ್ಯೂಗೇಟ್ ಛಾವಣಿ ಮೇಲೆ ಗಾಳಿಯಂತ್ರ ಕೂರಿಸಿ ಒಳಗಿನ ಕೆಟ್ಟ ಗಾಳಿ ಎಳೆಯೋ ಏರ್ಪಾಡು ಮಾಡಿದ್ರು. ಅದನ್ನ ಕೂರಿಸೋಕೆ ಹೋದ ಕೆಲಸಗಾರರಿಗೇ ಜ್ವರ ಬಂತು. ಒಳಗಿರೋರಿಗೆ ಸ್ನಾನಕ್ಕೆ ನೀರು, ಉಡೋಕೆ ಒಗೆದ ಬಟ್ಟೆ ಕೊಡೋಣ ಅಂತ ಮಾತ್ರ ಯಾರಿಗೂ ಹೊಳೀಲಿಲ್ಲ, ಅದರ ಖರ್ಚು ಯಾರ ತಲೆ ಮೇಲೆ ಬರುತ್ತೆ ಅನ್ನೋ ಅದೇ ಹಳೇ ಪ್ರಶ್ನೆ.

ಈಗ ಆ ಲೆಕ್ಕ ಹಾಕಿದ ಮನುಷ್ಯನ ಕಥೆ. ಹೆಸರು ಜಾನ್ ಹೋವರ್ಡ್. ಅಪ್ಪ ಲಂಡನ್ನಲ್ಲಿ ಕುರ್ಚಿ ಸೋಫಾಗಳಿಗೆ ಮೆತ್ತೆ ಹೊದಿಸೋ ವ್ಯಾಪಾರದಲ್ಲಿ ಚೆನ್ನಾಗಿ ದುಡ್ಡು ಮಾಡಿ ಬಿಟ್ಟು ಹೋಗಿದ್ದ, ಮಗನಿಗೆ ಕೆಲಸ ಮಾಡ್ಲೇಬೇಕು ಅನ್ನೋ ಗತಿ ಇರ್ಲಿಲ್ಲ. ಬೆಡ್‌ಫರ್ಡ್‌ಶೈರಿನ ಕಾರ್ಡಿಂಗ್ಟನ್ ಅನ್ನೋ ಹಳ್ಳಿಯಲ್ಲಿ ಜಮೀನು ನೋಡ್ಕೊಂಡಿದ್ದ. ಶಿಸ್ತಿನ ಮನುಷ್ಯ, ಮದ್ಯ ಮುಟ್ಟೋನಲ್ಲ, ಮಾತು ಕಮ್ಮಿ, ಯಾರೂ ಅಷ್ಟೇನೂ ಹಚ್ಚಿಕೊಳ್ಳೋಂಥ ವ್ಯಕ್ತಿತ್ವ ಅಲ್ಲ ಅನ್ಸುತ್ತೆ. 1756ರಲ್ಲಿ ಲಿಸ್ಬನ್‌ಗೆ ಹೋಗ್ತಿದ್ದಾಗ ಹಡಗು ಫ್ರೆಂಚರ ಕೈಗೆ ಸಿಕ್ಕಿ, ಬ್ರೆಸ್ಟ್ ಊರಿನಲ್ಲಿ ಕೈದಿಯಾಗಿ ನೆಲದ ಮೇಲೆ ಹುಲ್ಲಲ್ಲಿ ಮಲಗಿದ ಅನುಭವ ಇತ್ತು. 1773ರಲ್ಲಿ ಇವನನ್ನ ಕೌಂಟಿಯ ಹೈ ಶೆರಿಫ್ ಮಾಡಿದ್ರು. ಅದು ಗೌರವದ ಹುದ್ದೆ, ಜೈಲು ಶೆರಿಫ್‌ನ ಜವಾಬ್ದಾರಿ ಅಂತ ಹೆಸರಿಗೆ ಇದ್ರೂ ಯಾವ ಶೆರಿಫೂ ಒಳಗೆ ಕಾಲಿಡ್ತಿರ್ಲಿಲ್ಲ, ಕೆಳಗಿನೋರು ನೋಡ್ಕೊಳ್ಳೋರು. ಈ ಮನುಷ್ಯ ಹೋದ.

ಬೆಡ್‌ಫರ್ಡ್ ಜೈಲಲ್ಲಿ ನಾನು ಮೇಲೆ ಹೇಳಿದ್ದೇ ಕಂಡಿದ್ದು, ಖುಲಾಸೆ ಆದವರು ಫೀಸಿಗಾಗಿ ಒಳಗೆ. ಜೈಲರ್‌ಗೆ 15 ಶಿಲ್ಲಿಂಗ್ 4 ಪೆನ್ಸ್, ಬೀಗದ ಕೈ ಹಿಡ್ಕೊಂಡಿರೋನಿಗೆ 2 ಶಿಲ್ಲಿಂಗ್. ಕೂಲಿಯವನಿಗೆ ಕಮ್ಮಿ ಅಂದ್ರೂ ಎರಡು ವಾರದ ದುಡಿಮೆ. ಹೋವರ್ಡ್ ಹೋಗಿ ಕೌಂಟಿ ಆಡಳಿತ ನೋಡ್ಕೊಳ್ತಿದ್ದ ಮ್ಯಾಜಿಸ್ಟ್ರೇಟರನ್ನ ಕೇಳಿದ, ಈ ಫೀಸು ತೆಗೆದು ಜೈಲರ್‌ಗೆ ಸಂಬಳ ಕೊಟ್ಬಿಡಿ. ಅವ್ರು ಒಳ್ಳೇ ಆಫೀಸಿನ ಉತ್ತರ ಕೊಟ್ರು: ಕೊಡೋಣ, ಬೇರೆ ಯಾವ ಕೌಂಟಿಯಲ್ಲಾದ್ರೂ ಹಾಗೆ ಕೊಟ್ಟಿರೋ ಉದಾಹರಣೆ ತೋರಿಸಿ. ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿಗೆ ಫೈಲು ಮುಚ್ಚಿಹೋಗೋದು. ಹೋವರ್ಡ್ ಉದಾಹರಣೆ ಹುಡುಕ್ಕೊಂಡು ಕುದುರೆ ಹತ್ತಿದ, ಪಕ್ಕದ ಕೌಂಟಿ, ಅದರ ಪಕ್ಕದ್ದು, ಅದರಾಚೆದು. ಎಲ್ಲೂ ಸಿಗ್ಲಿಲ್ಲ. ಆದ್ರೆ ಹೋದ ಕಡೆಯೆಲ್ಲ ಒಳಗೆ ಹೋಗಿ ನೋಡಿದ, ನೋಡಿದ್ದನ್ನ ಬರ್ಕೊಂಡ, ಆಮೇಲೆ ನಿಲ್ಲಿಸೋಕೇ ಆಗ್ಲಿಲ್ಲ ಅವನಿಗೆ. ಮುಂದಿನ 17 ವರ್ಷ, ಸಾಯೋವರೆಗೂ, ಅದೇ ಕೆಲಸ. ಒಟ್ಟು 42,000 ಮೈಲಿಗೂ ಮೇಲೆ ಓಡಾಡಿದ ಅಂತ ಲೆಕ್ಕ, ಎಲ್ಲಾ ಸ್ವಂತ ಖರ್ಚಲ್ಲಿ.

ಅವನು ಬರ್ಕೊಳ್ತಿದ್ದ ರೀತಿ ನನಗೆ ಬಹಳ ಇಷ್ಟ. ಭಾಷಣ ಇಲ್ಲ, ಕಣ್ಣೀರಿಲ್ಲ. ಕೋಣೆ ಎಷ್ಟು ಅಡಿ ಉದ್ದ ಎಷ್ಟು ಅಗಲ, ಕಿಟಕಿ ಎಷ್ಟು ಇಂಚು, ನೀರು ಇದ್ಯಾ, ಒಂದು ಬ್ರೆಡ್ಡಿನ ತೂಕ ಎಷ್ಟು, ಫೀಸು ಎಷ್ಟು, ಇವತ್ತು ಎಷ್ಟು ಜನ ಇದ್ದಾರೆ, ಅದರಲ್ಲಿ ಸಾಲಗಾರರೆಷ್ಟು. ಒಳಗಿನ ವಾಸನೆ ಬಟ್ಟೆಗೆ ಹತ್ತಿ, ಕಿಟಕಿ ಮುಚ್ಚಿದ ಗಾಡಿಯಲ್ಲಿ ಕೂರೋಕಾಗದೆ ಕುದುರೆ ಮೇಲೇ ಹೋಗ್ತಿದ್ದನಂತೆ. ನೋಟ್‌ಬುಕ್ಕಿಗೂ ಅದೇ ವಾಸನೆ, ಅದರ ಹಾಳೆಗಳನ್ನ ಬೆಂಕಿ ಮುಂದೆ ಒಂದೆರಡು ಗಂಟೆ ಹರಡಿಟ್ಟ ಮೇಲೇ ತೆಗೆದು ನೋಡೋಕಾಗ್ತಿತ್ತು. ಜೊತೆಗೆ ಒಂದು ಸಣ್ಣ ಸೀಸೆಯಲ್ಲಿ ವಿನೆಗರ್ ಇಟ್ಕೊಂಡು ಮೂಸ್ತಾ ಇರ್ತಿದ್ದ, ಜೈಲರ್‌ಗಳು ಎಷ್ಟೋ ಸಲ ಏನೇನೋ ನೆಪ ಹೇಳಿ ಜೊತೆಗೆ ಒಳಗೆ ಬರೋಕೇ ಒಪ್ತಿರ್ಲಿಲ್ಲ.

ಪ್ಲಿಮತ್ ಊರಿನ ಜೈಲಲ್ಲಿ ಒಂದು ಕತ್ತಲೆ ಕೋಣೆ ಇತ್ತು. ಗಾಳಿ ಬೆಳಕಿಗೆ ಅಂತ ಬಾಗಿಲಲ್ಲಿ 7 ಇಂಚು 5 ಇಂಚಿನ ಒಂದು ಕಿಂಡಿ, ಅಷ್ಟೇ. ನಿಮ್ಮ ಮೊಬೈಲು ಪಕ್ಕಪಕ್ಕ ಎರಡು ಇಟ್ರೆ ಹೆಚ್ಚುಕಮ್ಮಿ ಅಷ್ಟು. ಗಡೀಪಾರಿಗೆ ಕಾಯ್ತಿದ್ದ ಮೂರು ಜನರನ್ನ ಅಲ್ಲಿ ಸುಮಾರು ಎರಡು ತಿಂಗಳು ಇಟ್ಟಿದ್ರು, ಮೂರೂ ಜನ ಸರದಿ ಮೇಲೆ ಬಂದು ಆ ಕಿಂಡಿಗೆ ಮೂಗಿಟ್ಟು ಉಸಿರಾಡೋರು. ಹೋವರ್ಡ್ ಹೋದಾಗ ಬೇರೊಬ್ಬ ಕೈದಿ ಇದ್ದ, ಐದು ವಾರದಿಂದ ಆ ಬಾಗಿಲೇ ತೆಗೆದಿರ್ಲಿಲ್ಲ. ಇದರಲ್ಲಿ ಇರೋದಕ್ಕಿಂತ ನೇಣು ಹಾಕಿದ್ರೇ ವಾಸಿ ಇತ್ತು ಅಂದನಂತೆ ಆ ಮನುಷ್ಯ.

ಇನ್ನೊಂದು ಯಾರ್ಕ್‌ಶೈರಿನ ನೇರ್ಸ್‌ಬರೋ ಅನ್ನೋ ಊರಿಂದು, ಸಾಲಗಾರರ ಜೈಲು. ಒಂದೇ ಕೋಣೆ, ಸುಮಾರು 12 ಅಡಿ ಚೌಕ, ಮಣ್ಣಿನ ನೆಲ, ಒಲೆ ಇಲ್ಲ, ಊರಿನ ಚರಂಡಿ ಮುಚ್ಚಳ ಇಲ್ದೆ ಆ ಕೋಣೆ ಒಳಗೇ ಹರೀತಿತ್ತು. ಹಿಂದೆ ಯಾವಾಗ್ಲೋ ಒಬ್ಬ ಸೈನ್ಯದ ಅಧಿಕಾರಿಯನ್ನ ಅಲ್ಲಿ ಬರೀ ಕೆಲವೇ ದಿನದ ಮಟ್ಟಿಗೆ ಹಾಕಿದ್ರಂತೆ, ಆತ ಹೆಗ್ಗಣಗಳ ಕಾಟಕ್ಕೆ ಅಂತ ತನ್ನ ನಾಯಿನ ಜೊತೆಗೆ ಕರ್ಕೊಂಡು ಹೋದ. ನಾಯಿಯನ್ನ ಅವು ಕೊಂದುಹಾಕಿದ್ವು, ಆ ಮನುಷ್ಯನ ಮುಖ ಗುರುತು ಕೆಡೋ ಹಾಗೆ ಕಚ್ಚಿಹಾಕಿದ್ವು. ಹೋವರ್ಡ್ ಇದನ್ನ ಬರೆದಿರೋದು ಒಂದೆರಡು ಸಾಲಲ್ಲಿ, ಚರಂಡಿ ಇದೆ ಒಲೆ ಇಲ್ಲ ಅಂತ ಬರೆದ ಅದೇ ಧಾಟಿಯಲ್ಲಿ. ಅದಕ್ಕೇ ಅದು ಇನ್ನೂ ತಲೆಯಿಂದ ಹೋಗ್ತಿಲ್ಲ ನನಗೆ.

1774ರಲ್ಲಿ ಪಾರ್ಲಿಮೆಂಟು ಅವನನ್ನ ಕರೆಸಿ ಕೇಳ್ತು, ಧನ್ಯವಾದ ಹೇಳ್ತು. ಒಬ್ಬ ಸದಸ್ಯ ಎದ್ದು, ನೀವು ಯಾರ ಖರ್ಚಲ್ಲಿ ತಿರುಗ್ತಿದ್ದೀರಿ ಅಂತ ಕೇಳಿದನಂತೆ. ಸ್ವಂತ ದುಡ್ಡಲ್ಲಿ ಯಾರಾದ್ರೂ ಜೈಲು ನೋಡೋಕೆ ಹೋಗ್ತಾರೆ ಅನ್ನೋದು ಅವನ ಊಹೆಗೇ ಬಂದಿರ್ಲಿಲ್ಲ. ಆ ವರ್ಷ ಎರಡು ಕಾನೂನು ಆದ್ವು. ಒಂದು, ಖುಲಾಸೆ ಆದವರನ್ನ ಫೀಸಿಲ್ದೆ ಕೂಡ್ಲೇ ಬಿಡ್ಬೇಕು, ಆ ದುಡ್ಡು ಕೌಂಟಿ ಕೊಡ್ಬೇಕು. ಎರಡು, ಗೋಡೆ ಕೆರೆದು ವರ್ಷಕ್ಕೊಂದ್ಸಲ ಸುಣ್ಣ ಹೊಡೀಬೇಕು, ಗಾಳಿ ಆಡ್ಬೇಕು, ಕಾಯಿಲೆ ಆದವರಿಗೆ ಬೇರೆ ಕೋಣೆ ಮತ್ತು ಒಬ್ಬ ಡಾಕ್ಟರು ಇರ್ಬೇಕು. ಕಾನೂನು ಆದ್ರೆ ಯಾರು ಓದ್ತಾರೆ? ಹೋವರ್ಡ್ ಎರಡನ್ನೂ ದಪ್ಪ ಅಕ್ಷರದಲ್ಲಿ ತಾನೇ ಪ್ರಿಂಟ್ ಮಾಡಿಸಿ ಎಲ್ಲಾ ಕೌಂಟಿ ಜೈಲರ್‌ಗಳಿಗೂ ಕಳಿಸಿದ. ಕಳಿಸಿ ಸುಮ್ನಾಗ್ಲಿಲ್ಲ, ಮತ್ತೆ ಹೋಗಿ ಸುಣ್ಣ ಹೊಡೆದಿದ್ದಾರಾ ಅಂತ ನೋಡ್ಕೊಂಡು ಬಂದ. ಬಹಳ ಕಡೆ ಹೊಡೆದಿರ್ಲಿಲ್ಲ. 1777ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಜೈಲುಗಳ ಸ್ಥಿತಿಗತಿ ಮೇಲೆ ಅವನ ಪುಸ್ತಕ ಬಂತು. ತನಗೆ ಪ್ರತಿಮೆ ಮಾಡಿಸೋಕೆ ಜನ ಚಂದಾ ಎತ್ತೋಕೆ ಶುರು ಮಾಡಿದಾಗ ದಯವಿಟ್ಟು ನಿಲ್ಲಿಸಿ ಅಂತ ವಿದೇಶದಿಂದ ಕಾಗದ ಬರೆದ. 1790ರ ಜನವರಿಯಲ್ಲಿ ಕಪ್ಪು ಸಮುದ್ರದ ಹತ್ರದ ಖೆರ್ಸನ್‌ನಲ್ಲಿ, ಅಲ್ಲಿನ ಆಸ್ಪತ್ರೆಗಳನ್ನ ನೋಡೋಕೆ ಹೋಗಿದ್ದಾಗ, ಜ್ವರ ಬಂದು ಸತ್ತ. ಸತ್ತ ಮೇಲೆ ಪ್ರತಿಮೆ ಮಾಡಿಯೇ ಮಾಡಿದ್ರು, ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಒಳಗೆ.

ಅವನ ಕಾಲದಲ್ಲೇ ಇನ್ನೊಂದು ತಾಪತ್ರಯ ಬಂತು. ಅಮೆರಿಕ ಯುದ್ಧಕ್ಕೆ ನಿಂತಿದ್ರಿಂದ ಅಲ್ಲಿಗೆ ಕೈದಿಗಳನ್ನ ಸಾಗಿಸೋದು ನಿಂತುಹೋಯ್ತು, ಇಲ್ಲಿ ಜಾಗ ಇಲ್ಲ. 1776ರಲ್ಲಿ ಹಳೇ ಹಡಗುಗಳನ್ನ ಥೇಮ್ಸ್ ನದಿಯಲ್ಲಿ ಲಂಗರು ಹಾಕಿ ಅದರೊಳಗೆ ತುಂಬಿದ್ರು, ಎರಡು ವರ್ಷದ ತಾತ್ಕಾಲಿಕ ವ್ಯವಸ್ಥೆ ಅಂತ. ಆ ತಾತ್ಕಾಲಿಕ ವ್ಯವಸ್ಥೆ 1857ರವರೆಗೂ ನಡೀತು. ಹಗಲೆಲ್ಲ ದಡದಲ್ಲಿ ಮಣ್ಣು ಹೊರೋದು, ರಾತ್ರಿ ಹಡಗಿನ ಹೊಟ್ಟೆಯೊಳಗೆ ಬೇಡಿ ಹಾಕ್ಕೊಂಡು ಮಲಗೋದು. 1787ರಿಂದ ಆಸ್ಟ್ರೇಲಿಯಾಕ್ಕೆ ಹಡಗು ಹೊರಟವು, ಆಮೇಲೆ ಹೊಸ ಜೈಲು ಕಟ್ಟೋ ಆತುರ ಸರ್ಕಾರಕ್ಕೆ ಇನ್ನೂ ಕಮ್ಮಿ ಆಯ್ತು.

ಎಲಿಜಬೆತ್ ಫ್ರೈ ಬಗ್ಗೆ ಬಹಳ ಜನಕ್ಕೆ ಗೊತ್ತು, 5 ಪೌಂಡ್ ನೋಟಿನ ಮೇಲೆ ವರ್ಷಗಟ್ಟಲೆ ಇದ್ದರು, ಅದಕ್ಕೆ ಅವರದ್ದು ಪೂರ್ತಿ ಹೇಳೋಕೆ ಹೋಗಲ್ಲ. ಕ್ವೇಕರ್ ಅನ್ನೋ ಕ್ರೈಸ್ತ ಪಂಥದ ಬ್ಯಾಂಕರ್ ಮನೆತನದ ಹೆಣ್ಣುಮಗಳು, 11 ಮಕ್ಕಳ ತಾಯಿ. 1813ರಲ್ಲಿ ಮೊದಲ ಸಲ ನ್ಯೂಗೇಟಿನ ಹೆಂಗಸರ ವಾರ್ಡಿಗೆ ಹೋದಾಗ ಸುಮಾರು 300 ಹೆಂಗಸರು, ಜೊತೆಗೆ ಮಕ್ಕಳು, ಶಿಕ್ಷೆ ಆದವರು ಆಗದವರು ಎಲ್ಲಾ ಒಂದೇ ಕಡೆ, ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ನೋಡೋಕೆ ಬಂದವರ ಹತ್ರ ಕಾಸು ಕೇಳೋಕೆ ಮರದ ಸೌಟನ್ನ ಕೋಲಿಗೆ ಕಟ್ಟಿ ಕಂಬಿ ಸಂದಿಯಿಂದ ಚಾಚೋರು. ನನಗೆ ಫ್ರೈ ಕಥೆಯಲ್ಲಿ ಮುಖ್ಯ ಅನ್ನಿಸಿದ್ದು 1817ರಲ್ಲಿ ಆಕೆ ನಿಯಮಗಳನ್ನ ತಂದ ರೀತಿ. ಮೇಲಿಂದ ಹೇರ್ಲಿಲ್ಲ. ಒಂದೊಂದೇ ನಿಯಮ ಓದಿ, ಒಪ್ಪೋರು ಕೈ ಎತ್ತಿ ಅಂತ ಆ ಕೈದಿ ಹೆಂಗಸರನ್ನೇ ಕೇಳಿದರು. ಮಕ್ಕಳ ಶಾಲೆಗೆ ಟೀಚರ್ ಯಾರಾಗ್ಬೇಕು ಅಂತಾನೂ ಅವರೇ ಆರಿಸಿದ್ದು, ಮೇರಿ ಕಾನರ್ ಅಂತ, ಗಡಿಯಾರ ಕದ್ದು ಒಳಗೆ ಬಂದಿದ್ದ ಹುಡುಗಿ. 1818ರಲ್ಲಿ ಫ್ರೈ ಪಾರ್ಲಿಮೆಂಟ್ ಕಮಿಟಿ ಮುಂದೆ ಹೋಗಿ ಇದನ್ನೆಲ್ಲ ಹೇಳಿ ಬಂದರು.

ಆದ್ರೆ ಫ್ರೈಗೆ ಹಣ ಇತ್ತು, ಬಂಧುಬಳಗ ಇತ್ತು, ಮಂತ್ರಿಗಳ ಪರಿಚಯ ಇತ್ತು. ಇದ್ಯಾವುದೂ ಇಲ್ದೆ ಇದೇ ಕೆಲಸ ಮಾಡಿದ ಇನ್ನೊಬ್ಬಾಕೆ ಇದ್ದಳು, ಸಾರಾ ಮಾರ್ಟಿನ್. ಬಟ್ಟೆ ಹೊಲಿದು ಹೊಟ್ಟೆ ಹೊರೀತಿದ್ದ ದರ್ಜಿ ಹೆಂಗಸು, ಅಪ್ಪ ಅಮ್ಮ ಇಲ್ಲ, ಅಜ್ಜಿ ಸಾಕಿದ್ದು. ಕೆಲಸಕ್ಕೆ ಅಂತ ತನ್ನ ಹಳ್ಳಿಯಿಂದ ಗ್ರೇಟ್ ಯಾರ್ಮತ್‌ಗೆ ನಡ್ಕೊಂಡು ಬರ್ತಿದ್ಲು. 1819ರಲ್ಲಿ ತನ್ನ ಮಗುವನ್ನೇ ಕ್ರೂರವಾಗಿ ಹೊಡೆದ ಒಬ್ಬ ತಾಯಿಯನ್ನ ಅಲ್ಲಿನ ಜೈಲಿಗೆ ಹಾಕಿದ್ದು ಗೊತ್ತಾಗಿ, ಅವಳನ್ನ ನೋಡ್ಬೇಕು ಅಂತ ಹೋಗಿ ಕೇಳಿದ್ಲು. ಮೊದಲು ಆಗಲ್ಲ ಅಂದ್ರು, ಮತ್ತೆ ಹೋದ್ಲು, ಬಿಟ್ರು. ಅಲ್ಲಿಂದ ಶುರು. ವಾರದಲ್ಲಿ ಒಂದು ದಿನದ ಕೂಲಿ ಬಿಟ್ಟು ಜೈಲಿಗೆ ಹೋಗೋಳು, ಓದು ಬರಹ ಕಲಿಸೋಳು, ಗಂಡಸರಿಗೆ ಹೆಂಗಸರಿಗೆ ಕೈಕೆಲಸ ಹೇಳ್ಕೊಡೋಳು, ಭಾನುವಾರ ಪ್ರಾರ್ಥನೆ ನಡೆಸೋಕೆ ಪಾದ್ರಿ ಇಲ್ಲ ಅಂತ ಅದನ್ನೂ ತಾನೇ ಮಾಡಿದ್ಲು. ಪ್ರತಿ ಕೈದಿ ಬಗ್ಗೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳೋಳು, ಹೊರಗೆ ಹೋದ ಮೇಲೆ ಏನಾದ ಅಂತಾನೂ. ಜೈಲಿಗೆ ಜಾಸ್ತಿ ಹೋಗ್ತಾ ಹೋಗ್ತಾ ಹೊಲಿಗೆ ಗಿರಾಕಿಗಳು ಕಮ್ಮಿ ಆದ್ರು. 1835ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸಲ ಸರ್ಕಾರಿ ಜೈಲು ಇನ್‌ಸ್ಪೆಕ್ಟರ್‌ಗಳು ಬಂದ್ರು, ಯಾರ್ಮತ್‌ಗೆ ಬಂದ ಇನ್‌ಸ್ಪೆಕ್ಟರ್ ಇವಳ ಕೆಲಸ ನೋಡಿ ವರದಿಯಲ್ಲಿ ಬರೆದ.

ಕೊನೆಗೆ 1841ರಲ್ಲಿ ಊರಿನ ಆಡಳಿತದವ್ರು ವರ್ಷಕ್ಕೆ 12 ಪೌಂಡು ಕೊಡ್ತೀವಿ ಅಂದ್ರು. ಇವಳು ಬೇಡ ಅಂದ್ಲು, ದುಡ್ಡು ತಗೊಂಡ್ರೆ ಕೈದಿಗಳು ನನ್ನನ್ನ ನಂಬಲ್ಲ ಅಂತ. ಅವ್ರು ಏನಂದ್ರು ಗೊತ್ತಾ, ಜೈಲಿಗೆ ಬರ್ಬೇಕು ಅಂದ್ರೆ ನಾವು ಹೇಳಿದ್ದಕ್ಕೆ ಒಪ್ಕೋಬೇಕು! ಒಪ್ಕೊಂಡ್ಲು. 1843ರಲ್ಲಿ ಸತ್ತಳು. ಜೈಲರ್‌ಗೆ ಸಂಬಳ ಕೊಡಿ ಅಂತ ಹೋವರ್ಡ್ ಬೇಡ್ಕೊಂಡಾಗ ಉದಾಹರಣೆ ತೋರಿಸು ಅಂದಿದ್ದ ದೇಶ, ಬೇಡ ಅಂದ ದರ್ಜಿ ಹೆಂಗಸಿಗೆ ಬಲವಂತವಾಗಿ 12 ಪೌಂಡು ಹಿಡಿಸ್ತು.

ಅಷ್ಟರಲ್ಲಿ ಫೀಸಿನ ಕಾಲ ಮುಗೀತಾ ಬಂದಿತ್ತು. 1823ರಲ್ಲಿ ಗೃಹಮಂತ್ರಿ ರಾಬರ್ಟ್ ಪೀಲ್ ತಂದ ಕಾನೂನು ಜೈಲರ್‌ಗೆ ಸಂಬಳ ಅಂತ ಖಚಿತ ಮಾಡ್ತು, ಹೆಂಗಸರ ಕಾವಲಿಗೆ ಹೆಂಗಸರೇ, ಮ್ಯಾಜಿಸ್ಟ್ರೇಟರು ಬಂದು ತಪಾಸಣೆ ಮಾಡ್ಬೇಕು ಅಂತ್ಲೂ ಹೇಳ್ತು. ಆದ್ರೆ ಅದು ಅನ್ವಯ ಆಗಿದ್ದು ಕೌಂಟಿ ಮತ್ತು ದೊಡ್ಡ ಪಟ್ಟಣಗಳ ಜೈಲಿಗೆ ಮಾತ್ರ, ಸಾಲಗಾರರ ಜೈಲಿಗೆ ಅಲ್ಲ. (ಸಾಲಕ್ಕೆ ಜೈಲು ಅನ್ನೋದು ಬಹುಮಟ್ಟಿಗೆ ನಿಂತಿದ್ದು 1869ರಲ್ಲಿ.)

ಇಲ್ಲಿಂದ ಮುಂದಿನದ್ದು ನನಗೆ ಓದೋಕೆ ಕಷ್ಟ ಆದ ಭಾಗ. ಜೈಲು ಸ್ವಚ್ಛ ಆಯ್ತು, ಊಟ ಸಿಗೋಕೆ ಶುರುವಾಯ್ತು, ತಕ್ಷಣ ಹೊರಗಿನ ಜನಕ್ಕೆ ಹೊಟ್ಟೆಯುರಿ. ಬಡವರ ಮನೆಗಿಂತ ಜೈಲೇ ಸುಖವಾಗಿದೆ ಅನ್ನೋ ಮಾತು ಎದ್ದಿತು. ಲಂಡನ್ನಿನ ಮಿಲ್‌ಬ್ಯಾಂಕ್ ಜೈಲು 1816ರಲ್ಲಿ ಶುರುವಾಗಿದ್ದು, ಸರ್ಕಾರವೇ ಕಟ್ಟಿದ ಭಾರೀ ಕಟ್ಟಡ. ಊಟ ಜಾಸ್ತಿ ಆಯ್ತು ಅಂತ ಬಂದ ಟೀಕೆಗೆ 1822ರಲ್ಲಿ ಕಡಿತ ಮಾಡಿದ್ರು, ಕೆಲವೇ ತಿಂಗಳಲ್ಲಿ ಸ್ಕರ್ವಿ (ಹಣ್ಣು ತರಕಾರಿ ಇಲ್ದೆ ಬರೋ ಕಾಯಿಲೆ), ಭೇದಿ ಹಬ್ಬಿ ಸುಮಾರು 30 ಜನ ಸತ್ತು, ಜೈಲನ್ನೇ ಖಾಲಿ ಮಾಡಿಸ್ಬೇಕಾಯ್ತು.

ಇದೇ ಹೊತ್ತಲ್ಲಿ ವಿಲಿಯಂ ಕ್ಯೂಬಿಟ್ ಅನ್ನೋ ಎಂಜಿನಿಯರ್ ಟ್ರೆಡ್‌ವೀಲ್ ತಂದ, 1818ರ ಸುಮಾರಿಗೆ, ಬರಿ ಸೇಂಟ್ ಎಡ್ಮಂಡ್ಸ್ ಅನ್ನೋ ಊರಿನ ಜೈಲಲ್ಲಿ. ಉದ್ದದ ದೊಡ್ಡ ಚಕ್ರ, ಸುತ್ತ ಮೆಟ್ಟಿಲು, ಕೈದಿಗಳು ಸಾಲಾಗಿ ನಿಂತು ಹತ್ತುತ್ತಾ ಇರ್ಬೇಕು, ಮೆಟ್ಟಿಲು ಕೆಳಗೆ ಜಾರ್ತಾ ಇರುತ್ತೆ, ಎಷ್ಟು ಹತ್ತಿದ್ರೂ ಅಲ್ಲೇ. ಕೆಲವು ಕಡೆ ಅದರಿಂದ ಹಿಟ್ಟು ಬೀಸೋರು, ನೀರೆತ್ತೋರು. ಬಹಳ ಕಡೆ ಅದಕ್ಕೆ ಏನೂ ಜೋಡಿಸಿರ್ಲಿಲ್ಲ, ಹಿಟ್ಟಿನ ಬದಲು ಗಾಳಿ ಬೀಸೋದು ಅಂತ ಕೈದಿಗಳೇ ಹೆಸರಿಟ್ಟಿದ್ರು. ಸಿಡ್ನಿ ಸ್ಮಿತ್ ಅನ್ನೋ ಪಾದ್ರಿ, ಫ್ರೈಯನ್ನ ಹೊಗಳಿದವನೇ, ಜೈಲಲ್ಲಿ ಹೊಲಿಗೆ ನೇಯ್ಗೆ ಎಲ್ಲಾ ಯಾಕೆ, ಬೇಜಾರು ಹಿಡಿಸೋ ಟ್ರೆಡ್‌ವೀಲ್ ಒಂದೇ ಸಾಕು ಅಂತ ವಾದ ಮಾಡಿದ. ಒಳ್ಳೇ ಮನುಷ್ಯ ಅಂತ್ಲೇ ಹೆಸರಾದವನು.

1842ರಲ್ಲಿ ಲಂಡನ್ನಲ್ಲಿ ಪೆಂಟನ್‌ವಿಲ್ ಅನ್ನೋ ಹೊಸ ಜೈಲು ಬಂತು. 520 ಒಂಟಿ ಕೋಣೆಗಳು. ಪ್ರತಿ ಕೋಣೆಗೂ ನೀರು, ಗಾಳಿ, ಬಿಸಿ ಮಾಡೋ ವ್ಯವಸ್ಥೆ, ಗ್ಯಾಸ್ ದೀಪ. ಹೋವರ್ಡ್‌ನ ನೋಟ್‌ಬುಕ್ಕಲ್ಲಿದ್ದ ಒಂದೊಂದು ದೂರಿಗೂ ಇಲ್ಲಿ ಉತ್ತರ ಇತ್ತು. ರಾತ್ರಿ ಒಬ್ಬೊಬ್ಬರೇ ಮಲಗ್ಬೇಕು, ಏಕಾಂತದಲ್ಲಿ ಮನಸ್ಸು ತಿಳಿಯಾಗುತ್ತೆ ಅಂತ ಹೋವರ್ಡೂ ಬರೆದಿದ್ದ, ಅದನ್ನೇ ಇವ್ರು ಹಗಲಿಗೂ ಎಳೆದ್ರು. 18 ತಿಂಗಳು ಇನ್ನೊಬ್ಬ ಕೈದಿ ಜೊತೆ ಒಂದು ಮಾತಿಲ್ಲ. ಹೆಸರಿಲ್ಲ, ನಂಬರು. ಕೋಣೆಯಿಂದ ಹೊರಗೆ ಬಂದ್ರೆ ಮುಖ ಮುಚ್ಚೋ ಟೋಪಿ. ಚರ್ಚಲ್ಲೂ ಒಬ್ಬೊಬ್ಬರಿಗೆ ಒಂದೊಂದು ಮರದ ಗೂಡು, ಪಾದ್ರಿ ಬಿಟ್ರೆ ಬೇರೆ ಯಾರೂ ಕಾಣ್ಬಾರ್ದು. ಕೆಲವರಿಗೆ ಬುದ್ಧಿಭ್ರಮಣೆ ಆಯ್ತು. ಆಮೇಲೆ 18 ತಿಂಗಳನ್ನ 12 ಮಾಡಿದ್ರು, ಆಮೇಲೆ 9. ಟೋಪಿ ಮಾತ್ರ ಇನ್ನೂ ಕೆಲವು ಕಾಲ ಇತ್ತು.

ಬರ್ಮಿಂಗ್‌ಹ್ಯಾಮ್ ಜೈಲಿನ ಒಂದು ಕೇಸು ಹೇಳಿ ಮುಗಿಸ್ತೀನಿ. ಎಡ್ವರ್ಡ್ ಆಂಡ್ರ್ಯೂಸ್, 15 ವರ್ಷದ ಹುಡುಗ, 4 ಪೌಂಡ್ ತೂಕದ ಮಾಂಸ ಕದ್ದಿದ್ದಕ್ಕೆ 3 ತಿಂಗಳ ಶಿಕ್ಷೆ. ಅಲ್ಲಿನ ಅಧಿಕಾರಿ ಲೆಫ್ಟಿನೆಂಟ್ ಆಸ್ಟಿನ್ ಹುಡುಗನಿಗೆ ಕ್ರ್ಯಾಂಕ್ ಕೊಟ್ಟ. ಅದು ಕೋಣೆ ಒಳಗೇ ಇಡೋ ಒಂದು ಯಂತ್ರ, ಹಿಡಿ ತಿರುಗಿಸ್ತಾ ಇರೋದು, ಅದರಿಂದ ಏನೂ ಆಗಲ್ಲ, ಎಷ್ಟು ಸುತ್ತು ಆಯ್ತು ಅಂತ ಒಂದು ಮುಳ್ಳು ತೋರಿಸುತ್ತೆ ಅಷ್ಟೇ. ದಿನಕ್ಕೆ 10,000 ಸುತ್ತು. ಬೆಳಗಿನ ತಿಂಡಿಗೆ ಮುಂಚೆ 2000, ಮಧ್ಯಾಹ್ನದೊಳಗೆ 4000, ರಾತ್ರಿ ಊಟದೊಳಗೆ 4000. ಆಗ್ಲಿಲ್ವಾ, ಊಟ ಇಲ್ಲ. ಹುಡುಗನ ಕೈಲಿ ಆಗ್ಲಿಲ್ಲ. ಕೈ ಆಡಿಸೋಕಾಗದ ಬಿಗಿ ಅಂಗಿ ತೊಡಿಸಿ ಗೋಡೆಗೆ ಕಟ್ಟಿದ್ರು, ಸುಸ್ತಾಗಿ ತಲೆ ಬಿದ್ರೆ ತಣ್ಣೀರು ಸುರಿದ್ರು. 1853ರ ಏಪ್ರಿಲಲ್ಲಿ ಅವನು ಕೋಣೆಯಲ್ಲೇ ನೇಣು ಹಾಕ್ಕೊಂಡ.

ಆಸ್ಟಿನ್‌ಗಿಂತ ಮುಂಚೆ ಆ ಜೈಲಿಗೆ ಗವರ್ನರ್ (ಅಂದ್ರೆ ಜೈಲಿನ ಮುಖ್ಯಸ್ಥ) ಆಗಿದ್ದವನು ಅಲೆಕ್ಸಾಂಡರ್ ಮಕೊನೊಕಿ, ಆ ಕಾಲದ ದೊಡ್ಡ ಸುಧಾರಕ, ಒಳ್ಳೇ ನಡತೆಗೆ ಅಂಕ ಕೊಟ್ಟು ಶಿಕ್ಷೆ ಕಮ್ಮಿ ಮಾಡ್ಬೇಕು ಅನ್ನೋನು. ತೀರಾ ಮೆದು ಅಂತ ಅವನನ್ನ ಮ್ಯಾಜಿಸ್ಟ್ರೇಟರು 1851ರಲ್ಲಿ ತೆಗೆದು, ಅವನ ಕೈಕೆಳಗಿದ್ದ ಆಸ್ಟಿನ್‌ನ ಕೂರಿಸಿದ್ದು. ಹುಡುಗ ಸತ್ತ ಮೇಲೆ ಸರ್ಕಾರದ ಆಯೋಗ ಬಂತು, ಆಸ್ಟಿನ್ ಮೇಲೆ ಕೇಸಾಗಿ ಅವನೂ ಜೈಲಿಗೆ ಹೋದ. ಆದ್ರೆ ಆ ಜೈಲಿಗೆ ಎಲ್ಲಾ ಇತ್ತಲ್ಲ, ಸಂಬಳದ ಗವರ್ನರ್, ಸಂಬಳದ ಡಾಕ್ಟರು, ಪಾದ್ರಿ, ಸುಣ್ಣ ಹೊಡೆದ ಗೋಡೆ, ಬಂದು ನೋಡ್ಲೇಬೇಕು ಅಂತ ಕಾನೂನೇ ಹೇಳಿದ್ದ ಮ್ಯಾಜಿಸ್ಟ್ರೇಟರು. ಆ ಮ್ಯಾಜಿಸ್ಟ್ರೇಟರಿಗೂ ಆಯೋಗ ಛೀಮಾರಿ ಹಾಕ್ತು. ಕ್ರ್ಯಾಂಕನ್ನ ಮಾತ್ರ ಯಾರೂ ಮುಟ್ಲಿಲ್ಲ. ಅದೂ ಟ್ರೆಡ್‌ವೀಲೂ ಹೋಗೋಕೆ 1898ರ ಕಾನೂನು ಬರ್ಬೇಕಾಯ್ತು, ಆ ಹುಡುಗ ಸತ್ತು 45 ವರ್ಷ ಆದ್ಮೇಲೆ.